ಎತ್ತು ಬಿಚ್ಚುವ ಹೊತ್ತು

ಕಳೆದ ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ನಮ್ಮ ಸಂಘದ ಸದಸ್ಯರೊಬ್ಬರ ಬೀಗರ ಮನೆಯಲ್ಲಿ, ಸವದತ್ತಿಯಲ್ಲಿ, ಎರಡು ರಾತ್ರಿ ತಂಗಿದ್ದೆವು. ಅಡಿಕೆ ಧಾರಣೆ, ಕೊಳೆರೋಗದ ಮಾತು ಈ ಪುಟಗಳಲ್ಲಿ ಇದ್ದದ್ದೇ. ಈ ಸಲ ಆ ಮನೆಯಲ್ಲಿ ಕಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತೇವೆ.

ಆ ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ಹಗಲೆಲ್ಲ ಶಾಂತರು. ದೀಪ ಹಚ್ಚುವ ಹೊತ್ತಾಯಿತೆಂದರೆ ಕೋಲು ಹಿಡಿದು ಎದ್ದುಬಿಡುತ್ತಾರೆ: "ಊರಿಗೆ ಹೋಗಬೇಕು, ಎತ್ತು ಬಿಚ್ಚಬೇಕು." ಆ ಊರೋ, ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ಮಲಪ್ರಭೆಯ ನೀರು ನಿಂತಾಗ ಮುಳುಗಿಹೋಯಿತು. ಮಗ ಇದ್ದದ್ದನ್ನು ಇದ್ದಂತೆ ಹೇಳಿದರು: "ಅಪ್ಪಾ, ಊರು ಮುಳುಗಿ ಐವತ್ತು ವರ್ಷ ಆತು." ಹಿರಿಯರು ಆಗಲೇ ಸುದ್ದಿ ಕೇಳಿದವರಂತೆ ಅತ್ತರು. ಅರ್ಧ ತಾಸಿಗೆ ಮರೆತರು. ಮತ್ತೆ ಅದೇ ಮಾತು, ಅದೇ ಉತ್ತರ, ಅದೇ ಅಳು. ಮಗ ಹೇಳಿದ್ದು ಸುಳ್ಳಲ್ಲ. ಆದರೆ ಒಂದೇ ಸಂಜೆ ಆ ಊರು ಮೂರು ಸಲ ಮುಳುಗಿತು.

ಮರುದಿನ ಸೊಸೆ ಮುಂದೆ ಬಂದು ಕುಳಿತರು. "ಎತ್ತು ಎಂಥಾವು ಮಾವಾರ? ಎಷ್ಟು ಹಲ್ಲಿನವು?" ಎಂದರು. ಹಿರಿಯರು ಕೋಲು ಕೆಳಗಿಟ್ಟು ಎತ್ತಿನ ಬಣ್ಣ, ಕೊಂಡ ಸಂತೆ, ಎರೆಹೊಲದ ಜೋಳ ಎಲ್ಲ ಹೇಳಿದರು. ಅಷ್ಟರಲ್ಲಿ ಚಹಾ ಬಂತು. ಊರು ಇದೆಯೆಂದೂ ಆಕೆ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ವೈದ್ಯರ ಸಲಹೆಯೂ ಇದೇ. ಮರೆವಿನ ರೋಗದಲ್ಲಿ ನಿನ್ನೆಯದು ಮೊದಲು ಅಳಿಸುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಮಾತು ಮರೆತರೂ ಅದು ತಂದ ದುಃಖ ಮನಸ್ಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ ವಾದ ಬೇಡ. ಎದುರಿಗೆ ಕುಳಿತು, ಮುಖ ನೋಡಿ, ಒಂದು ಸಲಕ್ಕೆ ಒಂದೇ ಮಾತು ಕೇಳಿ, ಉತ್ತರಕ್ಕೆ ಕಾಯಬೇಕು. ಕತ್ತಲಾಗುವ ಮೊದಲೇ ದೀಪ ಹಾಕಬೇಕು. ನೆರಳು ಕಂಡು ಹೆದರುವವರುಂಟು.

ಅರವತ್ತಕ್ಕೆ ಅರಳು ಮರಳು ಎಂದು ಕೈಚೆಲ್ಲುವುದು ನಮಗೆ ಒಪ್ಪಿಗೆಯಿಲ್ಲ. ೨೦೨೩ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು ೭ ಮಂದಿಗೆ ಮಾತ್ರ ಈ ರೋಗ. ನಿನ್ನೆ ಸರಿಯಿದ್ದವರು ಇಂದು ಗೊಂದಲಗೊಂಡರೆ ಅದು ಮುಪ್ಪಲ್ಲ. ಮೂತ್ರದ ಸೋಂಕು, ನೀರು ಸಾಲದಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಗುಳಿಗೆ, ತಲೆಗೆ ಬಿದ್ದ ಪೆಟ್ಟು, ಯಾವುದೂ ಇರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು. ನಿಧಾನವಾಗಿ ಬಂದ ಮರೆವಿನಲ್ಲೂ ಥೈರಾಯಿಡ್, ಬಿ-೧೨ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸವದತ್ತಿ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಹಿರಿಯರ ಸಹಾಯವಾಣಿ ೧೪೫೬೭.

ತೋಟದ ಮನೆಯವರಿಗೆ ಇನ್ನೊಂದು ಮಾತು: ಮೈಲುತುತ್ತ, ಕಳೆನಾಶಕ ಇಟ್ಟ ಕೋಣೆಗೆ ಬೀಗವಿರಲಿ. ಜಾತ್ರೆಗೆ ಕರೆದೊಯ್ದರೆ ಹೆಸರು, ಫೋನ್ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ. ಗುಡ್ಡದ ಗದ್ದಲದಲ್ಲಿ ನಾವೇ ನಮ್ಮವರನ್ನು ಒಂದು ತಾಸು ಹುಡುಕಿದೆವು!

ಹೊರಡುವ ದಿನ ಹಿರಿಯರು ನಮ್ಮನ್ನು ಎತ್ತು ಕೊಳ್ಳಲು ಬಂದವರೆಂದು ತಿಳಿದು ಬೆಲೆ ಹೇಳಿದರು. ಹೆಚ್ಚಾಯಿತು ಎಂದೆವು. "ಹಂಗಾರ ಕೊಡೂದಿಲ್ಲ" ಎಂದು ನಕ್ಕರು.