ಲೆಕ್ಕ ಬೇರೆ, ತೂಕ ಬೇರೆ: ಹ್ಯಾಸ್ಕೆಲ್‌ನಲ್ಲಿ ಇನ್‌ಪುಟ್, ಔಟ್‌ಪುಟ್

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮಗೆ ಪೈಥಾನ್ ಪರಿಚಯವಿದೆ. ಅದರಲ್ಲಿ ಯಾವ ಫಂಕ್ಷನ್ ಒಳಗೆ ಬೇಕಾದರೂ ಇನ್‌ಪುಟ್ ಕೇಳಬಹುದು, ಪ್ರಿಂಟ್ ಮಾಡಬಹುದು. ಹ್ಯಾಸ್ಕೆಲ್ ಭಾಷೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಏಕೆ ಎಂದು ನೋಡೋಣ.

ಕುಬಟೂರಿನಲ್ಲಿ ನಮ್ಮ ಚಾಚಾ 1,240 ಕೆಜಿ ಮೆಕ್ಕೆಜೋಳ ಮಾರಿದರು ಎಂದಿಟ್ಟುಕೊಳ್ಳಿ. ಕೆಜಿಗೆ 20 ರೂಪಾಯಿ, ಹಮಾಲಿ 300 ರೂಪಾಯಿ. ಕೈಗೆ ಬರುವುದು 24,500. ಈ ಲೆಕ್ಕವನ್ನು ಯಾರು, ಎಲ್ಲಿ, ಎಷ್ಟು ಸಲ ಮಾಡಿದರೂ ಉತ್ತರ ಒಂದೇ. ಇಂಥದ್ದಕ್ಕೆ ಪ್ಯೂರ್ ಫಂಕ್ಷನ್ ಎನ್ನುತ್ತಾರೆ. ಆದರೆ ತಕ್ಕಡಿಯ ತೂಕ ಹಾಗಲ್ಲ. ಪ್ರತಿ ಸಲ ಬೇರೆ ಅಂಕಿ ಬರಬಹುದು. ಕೀಬೋರ್ಡಿನಿಂದ ಬರುವ ಇನ್‌ಪುಟ್ ಕೂಡ ಹೀಗೆಯೇ.

ಹ್ಯಾಸ್ಕೆಲ್ ಇವೆರಡನ್ನೂ ಬೆರೆಸಲು ಬಿಡುವುದಿಲ್ಲ. ಒಂದು ಸಾಲು ಓದುವ ‘ಗೆಟ್‌ಲೈನ್’ನ ಟೈಪ್ ಬರೀ ಸ್ಟ್ರಿಂಗ್ ಅಲ್ಲ, ‘ಐಓ ಸ್ಟ್ರಿಂಗ್’. ಇದನ್ನು ಚೆಕ್‌ಗೆ ಹೋಲಿಸಬಹುದು. ಚೆಕ್ ಬರೆದ ಕೂಡಲೇ ಹಣ ಕೈಗೆ ಬರುವುದಿಲ್ಲ. ಅದು ಹಣ ಕೊಡಿ ಎಂಬ ಆದೇಶ ಮಾತ್ರ. ಬ್ಯಾಂಕಿನಲ್ಲಿ ಪಾಸಾದ ಮೇಲೆಯೇ ಹಣ. ಹಾಗೆಯೇ ‘ಗೆಟ್‌ಲೈನ್’ ಎಂದರೆ ‘ಒಂದು ಸಾಲು ಓದು’ ಎಂಬ ಆದೇಶ. ಪ್ರೋಗ್ರಾಮಿನ ‘ಮೇನ್’ ಈ ಆದೇಶಗಳನ್ನು ಸಾಲಾಗಿ ಜೋಡಿಸುತ್ತದೆ. ಪ್ರೋಗ್ರಾಂ ಓಡುವಾಗ ಅವು ಒಂದಾದ ಮೇಲೊಂದು ನಡೆಯುತ್ತವೆ. ‘ಡೂ’ ಎಂದು ಬರೆದ ಭಾಗದಲ್ಲಿ, ಎಡಕ್ಕೆ ತಿರುಗಿದ ಬಾಣದ ಗುರುತು ಓದಿದ ಸಾಲಿಗೆ ಒಂದು ಹೆಸರು ಕೊಡುತ್ತದೆ. ಅದನ್ನು ಸಂಖ್ಯೆಯಾಗಿ ಬದಲಿಸಿ ನಮ್ಮ ಲೆಕ್ಕದ ಫಂಕ್ಷನ್‌ಗೆ ಕೊಡುತ್ತೇವೆ. ಬಂದ ಉತ್ತರವನ್ನು ‘ಪುಟ್‌ಸ್ಟ್ರ್‌ಲೈನ್’ ಪರದೆಗೆ ಬರೆಯುತ್ತದೆ.

ಈ ದಾರಿ ಮೊದಲ ದಿನವೇ ಸಿಕ್ಕಿದ್ದಲ್ಲ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿನ ಈ ಭಾಷೆ 1990ರಲ್ಲಿ ಹೊರಬಂದಾಗ ಇನ್‌ಪುಟ್, ಔಟ್‌ಪುಟ್ ಬರೆಯುವುದು ತೊಡಕಿನ ಕೆಲಸವಾಗಿತ್ತು. ಯುಜೀನಿಯೊ ಮೊಗ್ಗಿ ಅವರ ‘ಮೊನಾಡ್’ ವಿಚಾರವನ್ನು ಫಿಲಿಪ್ ವಾಡ್ಲರ್ ಪ್ರೋಗ್ರಾಮಿಂಗ್‌ಗೆ ತಂದರು. 1996ರ ಹ್ಯಾಸ್ಕೆಲ್ 1.3ರಲ್ಲಿ ಅದೇ ಇನ್‌ಪುಟ್, ಔಟ್‌ಪುಟ್‌ನ ಅಧಿಕೃತ ವಿಧಾನವಾಯಿತು.

ಇಷ್ಟು ಕಷ್ಟಪಟ್ಟು ಬೇರೆ ಮಾಡಿದರೆ ಲಾಭವೇನು? ಚಾಚಾ ಕೈಗೆ 24,500ರ ಬದಲು 23,500 ಬಂತು ಎನ್ನಿ. ತಪ್ಪು ತೂಕದಲ್ಲೋ, ಲೆಕ್ಕದಲ್ಲೋ? ಲೆಕ್ಕದ ಫಂಕ್ಷನ್ ಬೇರೆಯೇ ಇದ್ದರೆ ತಕ್ಕಡಿಯ ಹತ್ತಿರ ಹೋಗದೆ ಅದನ್ನು ಪರೀಕ್ಷಿಸಬಹುದು. ಅದು ಸರಿಯಿದ್ದರೆ ಹುಡುಕಬೇಕಾದದ್ದು ಹೊರಗಿನಿಂದ ಬಂದ ಅಂಕಿಗಳಲ್ಲಿ. ಒಂದು ಸಾವಿರ ರೂಪಾಯಿ ರೈತನ ಮನೆಗೆ ಸಣ್ಣ ಮೊತ್ತವಲ್ಲ.

ಪೈಥಾನ್ ನಮ್ಮನ್ನು ಹೀಗೆ ತಡೆಯುವುದಿಲ್ಲ. ಶಿಸ್ತು ನಮ್ಮದೇ ಆಗಬೇಕು. ಮುಂದಿನ ಪ್ರಾಕ್ಟಿಕಲ್‌ನಲ್ಲಿ ಇನ್‌ಪುಟ್ ಕೇಳುವ ಸಾಲುಗಳನ್ನು ಲೆಕ್ಕದ ಫಂಕ್ಷನ್‌ನಿಂದ ಹೊರಗಿಟ್ಟು ಬರೆದು ನೋಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ