ನಿಮಗಿದು ಗೊತ್ತೆ? ನಾಲ್ಕು ಹಲ್ಲು ಕಮ್ಮಿ, ಜೀಪು ಜೋರು!

ಹಳೆ ಮಹೀಂದ್ರ ಜೀಪಿಗೆ ಅದಕ್ಕಿಂತ ಹಳೆಯದಾದ, ಎರಡನೇ ಮಹಾಯುದ್ಧ ಕಾಲದ ಮಿಲಿಟರಿ ಜೀಪಿನ ಹಿಂದಿನ ಆಕ್ಸಲ್ ಕೂರಿಸಿದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ. ಮಸ್ಕಿ ದಾಟಿ ಸಿಂಧನೂರಿನ ಕಡೆ ಹೊರಟರೆ ಮುಳ್ಳು 50ರಲ್ಲೇ ಇರುತ್ತದೆ. ಗಾಡಿ ಮಾತ್ರ 55ರಲ್ಲಿ ಓಡುತ್ತಿರುತ್ತದೆ!

ಕಾರಣ ನಾಲ್ಕೇ ಹಲ್ಲು. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಆಕ್ಸಲ್‌ನೊಳಗಿನ ದೊಡ್ಡ ಗೇರಿಗೆ (ಕ್ರೌನ್ ವೀಲ್) 39 ಹಲ್ಲು. ಮುಂದೆ ಮಹೀಂದ್ರ ಇಲ್ಲೇ ತಯಾರಿಸಿದ ಸಿಜೆ-3ಬಿ ಮಾದರಿಗೆ 43. ಅದನ್ನು ತಿರುಗಿಸುವ ಚಿಕ್ಕ ಗೇರಿಗೆ (ಪಿನಿಯನ್) ಎರಡರಲ್ಲೂ 8. ಚಕ್ರ ಒಂದು ಸುತ್ತು ಹಾಕಲು ಮಿಲಿಟರಿ ಆಕ್ಸಲ್‌ನಲ್ಲಿ ಪಿನಿಯನ್ ತಿರುಗಿಸುವ ಶಾಫ್ಟ್ 4.88 ಸುತ್ತು ತಿರುಗಿದರೆ ಸಾಕು, ಸಿಜೆಯಲ್ಲಿ 5.38 ಬೇಕು. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದು ಎಣಿಸುವುದು ಶಾಫ್ಟಿನ ಸುತ್ತನ್ನು, ಚಕ್ರದ್ದನ್ನಲ್ಲ.

ವೇಗ ಸಿಕ್ಕಿತೆಂದು ಹಿಗ್ಗಬೇಕಿಲ್ಲ. ಎಳೆಯುವ ಬಲ ಅಷ್ಟೇ ಇಳಿಯುತ್ತದೆ. ಭತ್ತದ ಗದ್ದೆಯ ಕೆಸರಿಗೆ ಇಳಿದಾಗ ಗೊತ್ತಾಗುತ್ತದೆ! ಇನ್ನು ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿ ಫೋರ್‌ವೀಲ್ ಹಾಕಿದರಂತೂ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಜಗ್ಗಾಟ ಶುರು. ಗೇರಿನ ಹಲ್ಲೇ ಮುರಿಯಬಹುದು. ಹಾಕಿಸುವುದಾದರೆ ಮುಂದಿನದನ್ನೂ ಅದೇ ಲೆಕ್ಕದ್ದು ಹಾಕಿಸಬೇಕು.