ಅಲರ್ಕವಿಷ: ಅದರ ಲಕ್ಷಣವೂ ಸಾಧ್ಯಾಸಾಧ್ಯವಿಚಾರವೂ

ಬಳ್ಳಾರಿಯಿಂದ ಸಿರುಗುಪ್ಪದ ಮಾರ್ಗವಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಹಾದು ಉತ್ತರಾಭಿಮುಖವಾಗಿ ಹೋಗುವ ಹೆದ್ದಾರಿಯಲ್ಲಿ ಸಿಂಧನೂರಿನಿಂದ ಲಿಂಗಸುಗೂರಿನವರೆಗಿನ ಇಕ್ಕೆಲದ ಸೀಮೆಯು ರಾಯಚೂರು ಜಿಲ್ಲೆಗೆ ಸೇರಿದುದು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರಿನಿಂದ ಸಿಂಧನೂರಿನ ಕಡೆಯ ಎರೆಭೂಮಿಯು ಬತ್ತದ ಗದ್ದೆಯಾಗಿರುವುದು. ಲಿಂಗಸುಗೂರಿನ ಕಡೆಗೆ ಮಳೆಯನ್ನೇ ನಂಬಿದ ಹೊಲಗಳೂ ಕುರಿಹಿಂಡುಗಳೂ ಹೆಚ್ಚು. ಗದ್ದೆಯ ಊರಾಗಲಿ ಕುರಿಗಾಹಿಗಳ ಊರಾಗಲಿ, ನಾಯಿಯಿಲ್ಲದ ಓಣಿಯೆಂಬುದಿಲ್ಲ. ನಾಯಿ ಕಡಿದಾಗ ಗಾಯಕ್ಕೆ ಸುಣ್ಣವನ್ನೋ ಖಾರದ ಪುಡಿಯನ್ನೋ ಅರಿಸಿನವನ್ನೋ ಮೆತ್ತುವ, ಗಾವಟಿ ಔಷಧ ಕೊಡುವವರನ್ನು ಹುಡುಕಿಕೊಂಡು ಹೋಗುವ, ಪಥ್ಯ ಹಿಡಿಯುವ ರೂಢಿಯು ನಾಡಿನ ಇತರ ಕಡೆಗಳಂತೆ ಈ ಸೀಮೆಯಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಇದಕ್ಕೆ ಆಧಾರವೇನೆಂದು ಕೇಳಿದರೆ, ಶಾಸ್ತ್ರದಲ್ಲಿ ಮದ್ದು ಹೇಳಿದೆ ಎಂಬ ಉತ್ತರ ಬರುವುದುಂಟು. ಹೇಳಿರುವುದು ನಿಜ. ಆದರೆ ಯಾವ ಅವಸ್ಥೆಗೆ ಹೇಳಿದೆ, ಎಲ್ಲಿಗೆ ಬಂದು ಕೈಬಿಟ್ಟಿದೆ ಎಂಬುದನ್ನು ಮೂಲವನ್ನು ಮುಂದಿಟ್ಟುಕೊಂಡು ವಿಚಾರಿಸಿದವರು ಕಡಮೆ. ಮದ್ದಿನ ಹೆಸರು ಊರೂರಿಗೆ ಹರಡಿತು. ಅದರ ಪಕ್ಕದಲ್ಲಿಯೇ ಇರುವ ನಿಷೇಧವು ಗ್ರಂಥದಲ್ಲಿಯೇ ಉಳಿಯಿತು.

ಮೊದಲು ಶಬ್ದವನ್ನು ನೋಡತಕ್ಕದ್ದು. ಕನ್ನಡದಲ್ಲಿ ಹುಚ್ಚುನಾಯಿಯೆಂದು ಕರೆಯುವುದಕ್ಕೆ ಸಂಸ್ಕೃತದಲ್ಲಿ ಅಲರ್ಕವೆಂದು ಹೆಸರು. ಅಮರಸಿಂಹನು ನಾಯಿಯ ಪರ್ಯಾಯನಾಮಗಳನ್ನು ಹೇಳಿದ ಮೇಲೆ, ಅದೇ ನಾಯಿಯು ಉನ್ಮತ್ತವಾದರೆ ಅಲರ್ಕವೆನಿಸುವುದೆಂದು ತಿಳಿಸುತ್ತಾನೆ. ಅದೇ ಕೋಶಕಾರನು ವನೌಷಧಿಗಳ ಪ್ರಕರಣದಲ್ಲಿ ಬಿಳಿಯ ಹೂವಿನ ಎಕ್ಕಕ್ಕೂ ಅಲರ್ಕವೆಂಬ ಹೆಸರನ್ನು ಕೊಟ್ಟಿದ್ದಾನೆ. ಮಾರ್ಕಂಡೇಯಪುರಾಣದಲ್ಲಿ ಮದಾಲಸೆಯ ಮಗನಾದ ರಾಜನು ಅಲರ್ಕ. ಮಹಾಭಾರತದ ಶಾಂತಿಪರ್ವದಲ್ಲಿ, ಪರಶುರಾಮನು ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಕರ್ಣನ ತೊಡೆಯನ್ನು ಕೊರೆದ ಕ್ರಿಮಿಯೂ ಅಲರ್ಕವೇ. ಇವೆಲ್ಲಕ್ಕೂ ಒಂದೇ ವ್ಯುತ್ಪತ್ತಿಯನ್ನು ಕಟ್ಟಲು ಹೊರಡುವುದು ಸಾಹಸವೇ ಸರಿ. ಸದ್ದಿಲ್ಲದೆ ಮಾಂಸವನ್ನು ಕೊರೆದು ಒಳಹೊಕ್ಕ ಕ್ರಿಮಿಗೂ, ಸದ್ದಿಲ್ಲದೆ ಮಾಂಸದೊಳಗೆ ಸೇರುವ ಈ ವಿಷಕ್ಕೂ ಒಂದೇ ಹೆಸರಾದುದು ಕಾಕತಾಳೀಯವೆಂದು ತಿಳಿದರೂ ನೆನಪಿನಲ್ಲಿ ಉಳಿಯುವಂಥ ಕಾಕತಾಳೀಯವಾಗಿದೆ. ಈಗ ಎಲ್ಲರ ಬಾಯಲ್ಲಿರುವ ರೇಬೀಸ್ ಎಂಬುದು ಲ್ಯಾಟಿನ್ ಶಬ್ದ. ಅದಕ್ಕೂ ಉನ್ಮಾದ, ಕೆರಳುವಿಕೆ ಎಂದೇ ಅರ್ಥ.

ಸುಶ್ರುತಸಂಹಿತೆಯ ಕಲ್ಪಸ್ಥಾನದ 7ನೆಯ ಅಧ್ಯಾಯಕ್ಕೆ ಮೂಷಿಕಕಲ್ಪವೆಂದು ಹೆಸರಾದರೂ ಅದರ ಉತ್ತರಭಾಗವೆಲ್ಲ ಅಲರ್ಕವಿಷಕ್ಕೆ ಮೀಸಲಾಗಿದೆ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದ 38ನೆಯ ಅಧ್ಯಾಯದಲ್ಲಿ ಇವೆರಡನ್ನೂ ಹೆಸರಿನಲ್ಲಿಯೇ ಜೊತೆಗೂಡಿಸಿದ್ದಾನೆ. ಸುಶ್ರುತನ ಪ್ರಕಾರ ನಾಯಿ, ನರಿ, ಕತ್ತೆಕಿರುಬ, ಕರಡಿ, ಹುಲಿ ಮೊದಲಾದ ಪ್ರಾಣಿಗಳಲ್ಲಿ ಕಫದಿಂದ ಕೆಟ್ಟ ವಾಯುವು ಸಂಜ್ಞೆಯನ್ನು ವಹಿಸುವ ಮಾರ್ಗಗಳನ್ನು ಆಶ್ರಯಿಸಿ ಸಂಜ್ಞೆಯನ್ನು ಅಪಹರಿಸುತ್ತದೆ. ಆಗ ಆ ಪ್ರಾಣಿಯ ಬಾಲ, ದವಡೆ, ಹೆಗಲುಗಳು ಜೋಲುತ್ತವೆ, ಜೊಲ್ಲು ಸುರಿಯುತ್ತದೆ, ಕಿವುಡಾಗಿ ಕುರುಡಾಗಿ ಕಂಡಕಂಡತ್ತ ಓಡುತ್ತದೆ. ಸಂಜ್ಞಾವಹಮಾರ್ಗಗಳೆಂದರೆ ಇಂದಿನ ಶಾರೀರಶಾಸ್ತ್ರದ ನರಗಳೇ ಎಂದು ಸಮೀಕರಿಸುವುದು ಅವಸರದ ಮಾತಾದೀತು. ಆದರೆ ಕಣ್ಣಿನಿಂದ ಕಂಡ ಲಕ್ಷಣಗಳ ವರ್ಣನೆಯಲ್ಲಿ ತಿದ್ದತಕ್ಕುದು ಅಲ್ಪ: ದವಡೆಯ ಮಾಂಸಪೇಶಿಗಳು ಸೋತು ಜೋಲುವುದನ್ನೂ, ನುಂಗಲಾರದೆ ಜೊಲ್ಲು ಸುರಿಯುವುದನ್ನೂ, ಗೊತ್ತುಗುರಿಯಿಲ್ಲದೆ ಓಡಿ ಎದುರಾದುದನ್ನು ಕಚ್ಚುವುದನ್ನೂ ಇಂದಿನ ಪಶುವೈದ್ಯರೂ ಲಕ್ಷಣಗಳೆಂದೇ ಎಣಿಸುತ್ತಾರೆ.

ಮನುಷ್ಯನ ವಿಷಯದಲ್ಲಿ ಸುಶ್ರುತನು ಹೇಳುವುದು ಇನ್ನೂ ಕಠಿಣವಾದುದು. ಕಚ್ಚಿದ ಜಾಗವು ಮರಗಟ್ಟುತ್ತದೆ, ಕಪ್ಪಾದ ರಕ್ತವು ಸ್ರವಿಸುತ್ತದೆ. ಯಾವ ಪ್ರಾಣಿಯು ಕಚ್ಚಿತೋ ಅದರ ಚೇಷ್ಟೆಯನ್ನೂ ಧ್ವನಿಯನ್ನೂ ಅನುಕರಿಸುತ್ತ ಮನುಷ್ಯನು ಸಾಯುತ್ತಾನೆ. ನೀರಿನಲ್ಲಿಯೋ ಕನ್ನಡಿಯಲ್ಲಿಯೋ ಆ ಪ್ರಾಣಿಯ ರೂಪವನ್ನು ಕಂಡರೆ ಅದು ಅರಿಷ್ಟ, ಎಂದರೆ ಮರಣಸೂಚನೆ. ನೀರನ್ನು ಕಂಡಮಾತ್ರಕ್ಕೆ, ಮುಟ್ಟಿದಮಾತ್ರಕ್ಕೆ ಅಕಸ್ಮಾತ್ತಾಗಿ ಮೇಲಿಂದ ಮೇಲೆ ನಡುಗುವವನಿಗೆ ಜಲತ್ರಾಸವು ಬಂದಿದೆಯೆಂದು ತಿಳಿಯತಕ್ಕದ್ದು, ಅದೂ ಅರಿಷ್ಟವೇ. ಕಚ್ಚಿಸಿಕೊಳ್ಳದಿದ್ದರೂ ಜಲತ್ರಾಸವುಂಟಾದವನು ಬದುಕುವುದಿಲ್ಲವೆಂದು ಕೂಡ ಅಲ್ಲಿಯೇ ಹೇಳಿದೆ. ಈ ಕೊನೆಯ ಮಾತು ಮೊದಲು ವಿಚಿತ್ರವಾಗಿ ತೋರುವುದು. ಆದರೆ ನಾಯಿಯು ಪರಚಿದ ಗೀರಿನಿಂದಲೂ, ಇದ್ದ ಗಾಯವನ್ನು ನೆಕ್ಕುವುದರಿಂದಲೂ ರೋಗವು ತಗಲಬಹುದೆಂಬುದು ಈಗ ಸಿದ್ಧವಾದ ವಿಷಯ. ಚಿಕ್ಕ ಮಗುವಿನ ಕಾಲಿಗೆ ತಗಲಿದ ಹಲ್ಲಿನ ಗೀರು ಮೂರು ತಿಂಗಳಲ್ಲಿ ಮನೆಯವರ ಮನಸ್ಸಿನಿಂದ ಮಾಸಿಹೋಗುವುದೂ ಲೋಕಾನುಭವ.

ತ್ರಾಸವೆಂದರೆ ಹೆದರಿಕೆ. ಅದನ್ನು ಹಿಡಿದು ಕನ್ನಡದಲ್ಲಿ ಜಲಭೀತಿಯೆಂಬ ಶಬ್ದವನ್ನು ಬಳಸುತ್ತಾರೆ. ವಸ್ತುತಃ ರೋಗಿಗೆ ನೀರಿನ ಮೇಲೆ ದ್ವೇಷವಿಲ್ಲ. ಅವನು ಬಾಯಾರಿಯೇ ಇರುತ್ತಾನೆ. ನೀರನ್ನು ತುಟಿಗೆ ಒಯ್ದೊಡನೆ ಗಂಟಲಿನ ಮತ್ತು ಉಸಿರಾಟದ ಮಾಂಸಪೇಶಿಗಳು ಒಮ್ಮೆಲೇ ಸೆಟೆದುಕೊಂಡು ಉಸಿರು ಕಟ್ಟಿದಂತಾಗುವುದು. ಈ ಯಾತನೆಯನ್ನು ಒಂದೆರಡು ಸಲ ಅನುಭವಿಸಿದ ಮೇಲೆ ನೀರಿನ ದರ್ಶನದಿಂದಲೇ, ಕೆಲವೊಮ್ಮೆ ಅದರ ಸದ್ದಿನಿಂದಲೇ ಅದು ಮರಳುತ್ತದೆ. ಮುಖಕ್ಕೆ ಗಾಳಿ ಬೀಸಿದರೂ ಹಾಗೆಯೇ ಆಗುವುದುಂಟು. ಇದಕ್ಕೆ ಮುಂಚೆ ಕೆಲವು ದಿನ ಜ್ವರ, ತಲೆನೋವು, ಎಂದೋ ಮಾದುಹೋದ ಗಾಯದ ಜಾಗದಲ್ಲಿ ಜುಮುಜುಮು ಅಥವಾ ಉರಿ ಕಾಣಿಸಿಕೊಳ್ಳುತ್ತವೆ. ಉನ್ಮಾದರೂಪದಲ್ಲಿ ಕೆಲವೇ ದಿನಗಳಲ್ಲಿ ಹೃದಯವೂ ಶ್ವಾಸವೂ ನಿಲ್ಲುತ್ತವೆ. ಸುಮಾರು ಐದರಲ್ಲಿ ಒಂದು ಪಾಲು ರೋಗಿಗಳಿಗೆ ಜಲತ್ರಾಸವಿಲ್ಲದೆ, ಕಡಿದ ಅಂಗದಿಂದ ಮೊದಲುಗೊಂಡು ಪಾರ್ಶ್ವವಾಯುವಿನಂತೆ ಅಂಗಾಂಗಗಳು ಸೋಲುತ್ತವೆ. ಇದನ್ನು ಬೇರೆ ವ್ಯಾಧಿಯೆಂದು ಭ್ರಮಿಸುವುದು ಸುಲಭ.

ಇನ್ನು ಚಿಕಿತ್ಸೆ. ಸುಶ್ರುತನು ಕಚ್ಚಿದ ಜಾಗದಿಂದ ರಕ್ತವನ್ನು ಹೊರಗೆ ತೆಗೆದು, ಕಾದ ತುಪ್ಪದಿಂದ ಸುಟ್ಟು, ಅಗದವನ್ನು ಲೇಪಿಸಿ, ಹಳೆಯ ತುಪ್ಪವನ್ನು ಕುಡಿಸಬೇಕೆನ್ನುತ್ತಾನೆ. ಎಕ್ಕದ ಹಾಲು ಸೇರಿದ ವಿರೇಚನವೂ ಉಂಟು. ಬಳಿಕ ಬರುವುದೇ ಪ್ರಸಿದ್ಧವಾದ ಯೋಗ: ಶರಪುಂಖೆಯ, ಎಂದರೆ ಕೊಗ್ಗೆಯ ಬೇರನ್ನು ದತ್ತೂರದೊಡನೆ ಅಕ್ಕಿಯಲ್ಲಿ ಅರೆದು, ದತ್ತೂರದ ಎಲೆಯಲ್ಲಿಯೇ ಸುತ್ತಿ ಬೇಯಿಸಿದ ಅಪೂಪವನ್ನು ತಿನ್ನಿಸತಕ್ಕದ್ದು. ಅದು ಜೀರ್ಣವಾಗುವಾಗ ಅಲರ್ಕವಿಷದ ವಿಕಾರಗಳೇ ಹುಟ್ಟುತ್ತವೆ. ಆಗ ಅವನನ್ನು ನೀರಿಲ್ಲದ ತಂಪಾದ ಮನೆಯಲ್ಲಿ ಇರಿಸಿ, ಅವು ಶಾಂತವಾದ ಮರುದಿನ ಸ್ನಾನಮಾಡಿಸಿ ಬಿಸಿಹಾಲಿನೊಡನೆ ಅನ್ನವಿಕ್ಕಬೇಕು. ಹೀಗೇಕೆ ಮಾಡಬೇಕೆಂಬುದಕ್ಕೆ ಕಾರಣವನ್ನೂ ಕೊಟ್ಟಿದೆ: ಯಾರಲ್ಲಿ ವಿಷವು ತಾನಾಗಿಯೇ ಕೆರಳುವುದೋ ಅವನು ಬದುಕುವುದಿಲ್ಲ, ಆದುದರಿಂದ ಅದು ತಾನಾಗಿ ಕೆರಳುವುದಕ್ಕೆ ಮೊದಲೇ ವೈದ್ಯನು ಅದನ್ನು ಕೆರಳಿಸಿ ಹೊರಗೆಡಹಬೇಕು. ಕೊನೆಗೆ ನದೀತೀರದಲ್ಲಿಯೋ ಚತುಷ್ಪಥದಲ್ಲಿಯೋ ಸ್ನಾನ, ಸಾರಮೇಯಗಣಕ್ಕೆ ಒಡೆಯನಾದ ಯಕ್ಷನಿಗೆ ಬಲಿ.

ಜನರ ನಂಬಿಕೆಯ ಬೇರು ಈ ಯೋಗದಲ್ಲಿಯೇ ಇರುವಂತೆ ತೋರುತ್ತದೆ. ದತ್ತೂರಕ್ಕೆ ಉನ್ಮತ್ತವೆಂದೇ ಸಂಸ್ಕೃತದಲ್ಲಿ ಒಂದು ಹೆಸರು. ಕನ್ನಡದ ಉಮ್ಮತ್ತಿಯು ಅದರ ತದ್ಭವ. ಅದು ವಿಷದ ಗಿಡ: ತಿಂದವನಿಗೆ ಬಾಯಿ ಒಣಗುವುದು, ನುಂಗುವುದು ಕಷ್ಟವಾಗುವುದು, ಕಣ್ಣು ಮಂಜಾಗುವುದು, ಇಲ್ಲದುದನ್ನು ಕಂಡು ಬಡಬಡಿಸುವನು, ಹೆಚ್ಚಾದರೆ ಪ್ರಾಣವೇ ಹೋಗುವುದು. ಈಗ ನಾಯಿ ಕಡಿದ ಒಬ್ಬನಿಗೆ ಇದನ್ನು ಕೊಟ್ಟರೆಂದು ಭಾವಿಸೋಣ. ಆ ರಾತ್ರಿ ಅವನು ಹುಚ್ಚನಂತೆ ಆಡುತ್ತಾನೆ. ಮರುದಿನ ತಿಳಿಯಾಗಿ ಏಳುತ್ತಾನೆ. ನೋಡಿದವರೆಲ್ಲರೂ ಅಲರ್ಕವಿಷವು ಹೊರಬಿದ್ದುದನ್ನು ಕಣ್ಣಾರೆ ಕಂಡೆವೆನ್ನುವರು. ಅವರು ಕಂಡುದು ದತ್ತೂರದ ಮದವು ಏರಿ ಇಳಿದುದನ್ನು ಮಾತ್ರ. ಇದಲ್ಲದೆ, ಕಡಿಯುವ ನಾಯಿಗಳಲ್ಲಿ ಬಹುಪಾಲು ರೋಗವಿಲ್ಲದವು. ರೋಗವುಳ್ಳ ನಾಯಿ ಕಡಿದವರೂ ಎಲ್ಲರೂ ರೋಗಕ್ಕೆ ತುತ್ತಾಗುವುದಿಲ್ಲ. ಇಂಥ ಹತ್ತು ಜನರಿಗೆ ಬೂದಿಯನ್ನು ಕೊಟ್ಟರೂ ಒಂಬತ್ತು ಜನ ಬದುಕಿ ಬೂದಿಯನ್ನು ಹೊಗಳುವರು. ಹತ್ತನೆಯವನು ಸಾಕ್ಷಿ ಹೇಳಲು ಬರುವುದಿಲ್ಲ.

ಸುಶ್ರುತನ ಸಾಧನವು ಸೋತರೂ ಅವನ ಕಾಲವಿಭಾಗವು ಸೋತಿಲ್ಲವೆಂಬುದನ್ನು ಗಮನಿಸತಕ್ಕದ್ದು. ವಿಷವು ಒಳಹೊಕ್ಕುದಕ್ಕೂ ಕೆರಳುವುದಕ್ಕೂ ನಡುವೆ ಒಂದು ಅಂತರವುಂಟು, ಚಿಕಿತ್ಸೆಯ ಕಾಲ ಅದೊಂದೇ, ಆಮೇಲೆ ಅಸಾಧ್ಯ ಎಂಬುದು ಅವನ ಸಿದ್ಧಾಂತ. ಇಂದಿನ ವೈದ್ಯವು ಈ ಅಂತರದ ಕಾರಣವನ್ನು ಕಂಡುಹಿಡಿದಿದೆ. ರೋಗಕಾರಕವಾದ ವೈರಾಣುವು ಜೊಲ್ಲಿನೊಡನೆ ಮಾಂಸವನ್ನು ಸೇರಿ, ಅಲ್ಲಿಂದ ನರದ ತುದಿಯನ್ನು ಹಿಡಿದು, ನರದ ಒಳಗಿನಿಂದಲೇ ಬೆನ್ನುಹುರಿಗೂ ಮಿದುಳಿಗೂ ಏರುತ್ತದೆ. ಮಿದುಳಿನಲ್ಲಿ ಬೆಳೆದು ಮತ್ತೆ ನರಗಳ ಮೂಲಕ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುವುದು. ಒಂದು ವಾರದಲ್ಲಿ ಮುಗಿದುದೂ ಒಂದು ವರ್ಷ ಹಿಡಿದುದೂ ಉಂಟು. ಮುಖ, ಕುತ್ತಿಗೆ, ಕೈಗಳ ಕಡಿತವು ಹೆಚ್ಚು ಅಪಾಯಕರ.

ಈ ಅಂತರವನ್ನು ಸಾರ್ಥಕವಾಗಿ ಉಪಯೋಗಿಸಿದವನು ಫ್ರಾನ್ಸ್ ದೇಶದ ಲೂಯಿ ಪಾಸ್ತರ್. 1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಬಾಲಕನೊಬ್ಬನಿಗೆ ಅವನ ಲಸಿಕೆಯನ್ನು ಮೊದಲು ಕೊಡಲಾಯಿತು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಸ್ತರ್ ಸಂಸ್ಥೆಗಳು ಸ್ಥಾಪಿತವಾದುವು. ಆಗ ನಿಜಾಮರ ರಾಜ್ಯದಲ್ಲಿದ್ದ ಲಿಂಗಸುಗೂರಿನ ರೈತನಿಗೆ ಕಸೌಲಿ ಹಾಗಿರಲಿ, ಕೂನೂರೂ ದೇಶಾಂತರವೇ ಆಗಿತ್ತು. ಊರಿನ ಮದ್ದನ್ನು ನಂಬಿದುದಕ್ಕೆ ಅವನನ್ನು ದೂಷಿಸುವಂತಿಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಸಿದ್ಧಪಡಿಸಿದ ಕುರಿಯ ಮಿದುಳಿನ ಲಸಿಕೆಯು ಬಹುಕಾಲ ಬಳಕೆಯಲ್ಲಿತ್ತು. ಹೊಕ್ಕಳಿನ ಸುತ್ತ ಹದಿನಾಲ್ಕು ಸೂಜಿಯೆಂದು ಜನರು ಇಂದಿಗೂ ಹೆದರುವುದು ಅದರ ನೆನಪಿನಿಂದ. ಅದರ ತಯಾರಿಕೆಯು ಭಾರತದಲ್ಲಿ 2004ರ ಕೊನೆಗೆ ನಿಂತುಹೋಯಿತು. ಹೆದರಿಕೆ ಮಾತ್ರ ನಿಂತಿಲ್ಲ.

ಈಗಿನ ಕ್ರಮವು ಹೀಗಿದೆ. ಕಡಿದೊಡನೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯತಕ್ಕದ್ದು. ಸುಣ್ಣ, ಖಾರಗಳನ್ನು ಮೆತ್ತಕೂಡದು. ಅವು ಗಾಯವನ್ನು ಕೆರಳಿಸುವುವಲ್ಲದೆ ವೈರಾಣುವನ್ನು ತೊಳೆಯವು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಮೊದಲುಮಾಡಬೇಕು. ಮಾಂಸಕ್ಕೆ ಕೊಡುವುದಾದರೆ ಮೊದಲ ದಿನವನ್ನು ಸೊನ್ನೆಯೆಂದೆಣಿಸಿ 0, 3, 7, 14, 28ನೆಯ ದಿನಗಳಲ್ಲಿ. ಚರ್ಮದ ಪದರದೊಳಗೆ ಕೊಡುವುದಾದರೆ 0, 3, 7, 28ನೆಯ ದಿನಗಳಲ್ಲಿ, ಎರಡೂ ತೋಳುಗಳಿಗೆ. ಹೊಕ್ಕಳಿನ ಮಾತೇ ಇಲ್ಲ. ಲಸಿಕೆಯಿಂದ ದೇಹದಲ್ಲಿ ರಕ್ಷಕಶಕ್ತಿ ಹುಟ್ಟಲು ಒಂದೆರಡು ವಾರ ಬೇಕಾದುದರಿಂದ, ರಕ್ತ ಬಂದ ಗಾಯವಾದರೆ ಸಿದ್ಧವಾದ ಪ್ರತಿವಿಷವನ್ನು ಗಾಯದೊಳಗೂ ಸುತ್ತಲೂ ತುಂಬುತ್ತಾರೆ. ಹಳಬರು ಅಗದವನ್ನು ಲೇಪಿಸಲು ಹೇಳಿದ ಸ್ಥಳವೂ ಇದೇ. ಕಡಿದ ನಾಯಿಯು ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಕಡಿದಾಗ ಅದರ ಜೊಲ್ಲಿನಲ್ಲಿ ವಿಷವಿರಲಿಲ್ಲವೆಂದು ನಿಶ್ಚಯ. ಆದರೆ ಆ ಹತ್ತು ದಿನ ಲಸಿಕೆಯಿಲ್ಲದೆ ಕಾಯುವುದಲ್ಲ, ಲಸಿಕೆಯನ್ನು ಹಿಡಿದೇ ನಾಯಿಯನ್ನು ನೋಡುತ್ತಿರಬೇಕು. ಸಿಂಧನೂರು, ಲಿಂಗಸುಗೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ರಾಯಚೂರಿನಲ್ಲಿ ಸರ್ಕಾರದ ವೈದ್ಯವಿಜ್ಞಾನ ಸಂಸ್ಥೆಯಿದೆ. ಕೂನೂರಿನ ದೂರವು ಈಗ ಉಳಿದಿಲ್ಲ.

ಲಕ್ಷಣಗಳು ತೋರಿದ ಮೇಲೆ? 2004ರಲ್ಲಿ ಅಮೆರಿಕದ ಬಾಲಿಕೆಯೊಬ್ಬಳು ಲಸಿಕೆಯಿಲ್ಲದೆಯೇ, ಔಷಧದಿಂದ ಬಹುದಿನ ಪ್ರಜ್ಞೆ ತಪ್ಪಿಸಿ ಮಾಡಿದ ಚಿಕಿತ್ಸೆಯಿಂದ ಬದುಕಿದಳು. ಲೋಕವೇ ಬೆರಗಾಯಿತು. ಆದರೆ ಅದೇ ಕ್ರಮವನ್ನು ಅನೇಕ ರೋಗಿಗಳಲ್ಲಿ ಅನುಸರಿಸಿದಾಗ ಫಲವು ಮರುಕಳಿಸಲಿಲ್ಲ. ಭಾರತದಲ್ಲಿಯೂ ಬದುಕುಳಿದ ಕೆಲವರ ವರದಿಗಳಿವೆ; ಅವರಲ್ಲಿ ಹೆಚ್ಚಿನವರು ಮೊದಲೇ ಸ್ವಲ್ಪವಾದರೂ ಲಸಿಕೆ ಪಡೆದವರು, ಬದುಕಿದ ಮೇಲೂ ಹಲವರಿಗೆ ಅಂಗವೈಕಲ್ಯ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷವೂ ಸುಮಾರು 59,000 ಜನರು ಈ ರೋಗದಿಂದ ಸಾಯುವರೆಂಬುದರ ಎದುರಿಗೆ ಈ ಕೆಲವರು ಅಪವಾದಗಳೇ. ಆದಕಾರಣ ಜಲತ್ರಾಸವನ್ನು ಅರಿಷ್ಟವೆಂದ ಸುಶ್ರುತನ ತೀರ್ಪು ಇಂದಿಗೂ ರದ್ದಾಗಿಲ್ಲ. ಜಲತ್ರಾಸ ಬಂದವನನ್ನು ಗುಣಪಡಿಸುವೆನೆಂದು ಹೇಳುವವನು ಹೊಸ ವೈದ್ಯಕ್ಕೆ ಎಷ್ಟು ವಿರುದ್ಧನೋ ಹಳೆಯ ಶಾಸ್ತ್ರಕ್ಕೂ ಅಷ್ಟೇ ವಿರುದ್ಧನು.

ರೋಗದ ಮೂಲವು ನಾಯಿಯಲ್ಲಿರುವುದರಿಂದ ಪಶುಚಿಕಿತ್ಸೆಯ ಮಾತನ್ನೂ ಹೇಳಬೇಕು. ಕನ್ನಡದಲ್ಲಿ ವಿಷವೈದ್ಯಕ್ಕೆ 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವೂ, ಪಶುವೈದ್ಯಕ್ಕೆ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನ ಗೋವೈದ್ಯವೂ ಇವೆ; ಅಲರ್ಕವಿಷವು ಈ ಎರಡು ಶಾಸ್ತ್ರಗಳ ಗಡಿಯ ಮೇಲೆ ನಿಂತ ರೋಗ. ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಹೆಸರು ಹಿಡಿದು ತಿಳಿಸಿತು. ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡನ್ನೂ ಏರ್ಪಡಿಸಿದೆನೆಂದು ಆ ಅರಸನು ಹೇಳಿಕೊಂಡಿರುವುದು ಮಸ್ಕಿಯಲ್ಲಲ್ಲ. ಅದು 2ನೆಯ ಶಿಲಾಶಾಸನದ ಮಾತು, ಅದರ ಪ್ರತಿಯೊಂದು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಈ ರೋಗದಲ್ಲಿ ಎರಡು ಚಿಕಿತ್ಸೆಗಳನ್ನು ಬೇರ್ಪಡಿಸಲಾಗದು: ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ಅವುಗಳ ನಡುವೆ ರೋಗದ ಸರಣಿಯು ಕಡಿದುಹೋಗುವುದೆಂದು ಗಣನೆ. ಕರ್ನಾಟಕ ಸರ್ಕಾರವು 2022ರಲ್ಲಿ ಮನುಷ್ಯರ ರೇಬೀಸನ್ನು ಅಧಿಸೂಚಿತ ರೋಗವೆಂದು ಸಾರಿದ ಮೇಲೆ, ಅಂಥ ರೋಗಿಯನ್ನು ಕಂಡ ವೈದ್ಯನು ಸರ್ಕಾರಕ್ಕೆ ತಿಳಿಸಲೇಬೇಕಾಗಿದೆ. ಯಾವ ಊರಿನ ನಾಯಿಗಳಿಗೆ ಮೊದಲು ಲಸಿಕೆ ಹಾಕತಕ್ಕದ್ದೆಂಬುದು ಆ ಲೆಕ್ಕದಿಂದ ಗೊತ್ತಾಗತಕ್ಕುದು.